ರಿಟ್ಲ್ 2ಎಂಟಿ, 1922: ಹತ್ತು ನಿಮಿಷಕ್ಕೊಮ್ಮೆ ಮೂರು ನಿಮಿಷ ಮೌನ. ಆಗ ಕೇಳುಗರು ಏನು ಮಾಡ್ತಿದ್ರು?

ಕಾಲೇಜುಬೆಂಚು:
ಎಲ್ಲರಿಗೂ ನಮಸ್ಕಾರ. ಭೌತಶಾಸ್ತ್ರ ವಿಭಾಗದ ಪ್ರದರ್ಶನಕ್ಕೆ 1922ರ ಒಂದು ರೇಡಿಯೋ ಸಂಜೆಯನ್ನ ಇದ್ದ ಹಾಗೇ ಮರುಕಟ್ಟಿ ತೋರಿಸಬೇಕು. ಆರಿಸಿಕೊಂಡಿರೋದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಿಟ್ಲ್ ಹಳ್ಳಿಯಲ್ಲಿ ಮಾರ್ಕೋನಿ ಕಂಪನಿ ನಡೆಸಿದ 2ಎಂಟಿ ನಿಲಯ. ಶುರುವಾಗಿದ್ದು 1922ರ ಫೆಬ್ರವರಿ 14, ಮಂಗಳವಾರ. ವಾರಕ್ಕೆ ಅರ್ಧ ಗಂಟೆ, 700 ಮೀಟರ್ ತರಂಗಾಂತರ. ಲೈಸೆನ್ಸಿನ ಒಂದು ಷರತ್ತು ಮಾತ್ರ ವಿಚಿತ್ರವಾಗಿದೆ: ಪ್ರತಿ ಹತ್ತು ನಿಮಿಷದಲ್ಲಿ ಮೂರು ನಿಮಿಷ ಪ್ರಸಾರ ನಿಲ್ಲಿಸಬೇಕು.

ಎರಡು ಪ್ರಶ್ನೆ. ಒಂದು, ಈ ಮೌನ ಯಾಕೆ? ಎರಡು, ಕ್ರಿಸ್ಟಲ್ ಸೆಟ್ (ಬ್ಯಾಟರಿ ಇಲ್ಲದೆ ಒಂದು ಹರಳಿನಿಂದ ನಡೆಯೋ ಸಾದಾ ರೇಡಿಯೋ) ಇಟ್ಟುಕೊಂಡು ಕೂತವರಿಗೆ ನಿಲಯ ನಿಂತಿದೆಯೋ, ತಮ್ಮ ಸೆಟ್ಟೇ ಕೆಟ್ಟಿದೆಯೋ ಅಂತ ಹೇಗೆ ಗೊತ್ತಾಗ್ತಿತ್ತು? ಸೆಟ್ ಮಾಡೋದಕ್ಕೆ ಅಳತೆ ಸಮೇತ ಹೇಳಿದ್ರೆ ಉಪಕಾರ.

ಹರಟೆಬೇಡ:
ಮೊದಲನೇದಕ್ಕೆ ಉತ್ತರ ಸುಲಭ. ಕಾರ್ಬನ್ ಮೈಕು ಬಿಸಿಯಾಗ್ತಿತ್ತು, ಅದು ತಣ್ಣಗಾಗಲಿ ಅಂತ ನಿಲ್ಲಿಸ್ತಿದ್ರು.

ವಾಲ್ವ್‌ಭಟ್ಟ:
ಅಲ್ಲ ಸರ್. ಮೈಕು ಬಿಸಿಯಾಗೋದು ನಿಜ, ಮೌನಕ್ಕೆ ಕಾರಣ ಅದಲ್ಲ. ಅದು ರೇಡಿಯೋ ಲೈಸೆನ್ಸ್ ಕೊಡ್ತಿದ್ದ ಬ್ರಿಟಿಷ್ ಅಂಚೆ ಇಲಾಖೆ ಹಾಕಿದ ಷರತ್ತು. ಆ ಮೂರು ನಿಮಿಷ ನಿಲಯದವರು ತಮ್ಮದೇ ತರಂಗಾಂತರದಲ್ಲಿ ಕಿವಿಗೊಟ್ಟು ಕೂರಬೇಕು. ಸರ್ಕಾರಿ ಸಂಪರ್ಕಕ್ಕೆ ತೊಂದರೆ ಆಗ್ತಿದ್ರೆ, ನಿಲ್ಲಿಸಿ ಅಂತ ಆದೇಶ ಅಲ್ಲೇ ಬರುತ್ತೆ. ಪ್ರಸಾರ ಮಾಡ್ತಾ ಇದ್ರೆ ಆ ಆದೇಶ ಕೇಳೋದು ಹೇಗೆ?

ಇದರ ಹಿನ್ನೆಲೆ 1920ಕ್ಕೆ ಹೋಗುತ್ತೆ. ಆ ವರ್ಷ ಜೂನ್ 15ರ ಸಂಜೆ ಚೆಮ್ಸ್‌ಫರ್ಡ್‌ನ ಮಾರ್ಕೋನಿ ಕಾರ್ಖಾನೆಯಿಂದ ಒಪೆರಾ ಗಾಯಕಿ ನೆಲ್ಲಿ ಮೆಲ್ಬಾ ಹಾಡಿದ್ರು. 15 ಕಿಲೋವ್ಯಾಟ್, 2800 ಮೀಟರ್. ಟೆಲಿಫೋನಿನ ಮೈಕಿಗೆ ಸಿಗಾರ್ ಪೆಟ್ಟಿಗೆಯ ಮರದಿಂದ ಮಾಡಿದ ಕಹಳೆ ಜೋಡಿಸಿದ್ರು. ಯುರೋಪಿನಾದ್ಯಂತ ಕೇಳಿಸಿತು. ಅದೇ ವರ್ಷ ಮುಗಿಯೋದ್ರೊಳಗೆ, ಮುಖ್ಯ ಸಂಪರ್ಕಗಳಿಗೆ ಅಡ್ಡಿಯಾಗ್ತಿದೆ ಅಂತ ಇಂಥ ಪ್ರಸಾರವನ್ನೇ ಅಂಚೆ ಇಲಾಖೆ ನಿಲ್ಲಿಸಿಬಿಡ್ತು. 1921ರ ಡಿಸೆಂಬರ್‌ನಲ್ಲಿ 63 ಹವ್ಯಾಸಿ ಸಂಘಗಳು ಸೇರಿ ಮನವಿ ಕೊಟ್ಟ ಮೇಲೆ ರಿಟ್ಲ್‌ಗೆ ಅನುಮತಿ ಸಿಕ್ಕಿದ್ದು. ಕೊಟ್ಟ ಅನುಮತಿಯಲ್ಲೂ ಅನುಮಾನ ಉಳಿದಿತ್ತು. ಆ ಅನುಮಾನವೇ ಈ ಮೂರು ನಿಮಿಷ.

ಲೆಕ್ಕ ಹಾಕಿ: ಅರ್ಧ ಗಂಟೆಯಲ್ಲಿ ಕಾರ್ಯಕ್ರಮಕ್ಕೆ ಸಿಗೋದು 21 ನಿಮಿಷ.

ಹರಟೆಬೇಡ:
ಸರಿ, ತಿದ್ದಿಕೊಂಡೆ. ಆದ್ರೂ ಮೈಕಿಗೆ ಆ ವಿರಾಮದಿಂದ ಲಾಭ ಆಗಿರಲೇಬೇಕಲ್ಲ?

ವಾಲ್ವ್‌ಭಟ್ಟ:
ಖಂಡಿತ. ಪ್ರದರ್ಶನದಲ್ಲಿ ಕಾರ್ಬನ್ ಮೈಕು ಬಳಸೋದಾದ್ರೆ ಇದು ನಿಮಗೂ ಬೇಕಾದ ವಿಷಯ, ಬಿಡಿಸಿ ಹೇಳ್ತೀನಿ. ಮೈಕಿನ ಒಳಗಿರೋದು ಇಂಗಾಲದ ಸಣ್ಣ ಕಾಳು. ಅದರ ಮೂಲಕ ಬ್ಯಾಟರಿ ಕರೆಂಟ್ ಸದಾ ಹರೀತಿರುತ್ತೆ. ದನಿಗೆ ತಗಡು ಅದುರಿದಾಗ ಕಾಳು ಒತ್ತಿ ಸಡಿಲಾಗಿ ರೋಧ ಬದಲಾಗುತ್ತೆ. ಕರೆಂಟ್ ಹೆಚ್ಚಿದ್ರೆ ಕಾಳು ಬಿಸಿಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಆಗ ದನಿ ಕುಗ್ಗುತ್ತೆ, ಮಬ್ಬಾಗುತ್ತೆ, ಹಿಂದೆ ಸುಯ್ ಅನ್ನೋ ಸದ್ದು ಮಾತ್ರ ಉಳಿಯುತ್ತೆ. ಪರಿಹಾರ ಅಂದ್ರೆ ಬ್ಯಾಟರಿ ಬಿಡಿಸಿ, ಮೈಕನ್ನ ಸ್ವಲ್ಪ ತಿರುಗಿಸಿ, ಬೆರಳಿನ ಗೆಣ್ಣಿನಿಂದ ಹಿಂಬದಿಗೆ ಮೆಲ್ಲಗೆ ತಟ್ಟೋದು. ಪ್ರಸಾರದ ನಡುವೆ ತಟ್ಟಿದ್ರೆ ಕೇಳುಗರ ಕಿವಿಗೆ ಗುದ್ದಿದ ಹಾಗೆ. ವಿರಾಮದಲ್ಲೇ ತಟ್ಟಬೇಕು.

ಗ್ರಾಮಫೋನ್ ಕೆಲಸವೂ ಅದೇ ಹೊತ್ತಲ್ಲಿ. ಆಗಿನ ಹತ್ತಿಂಚಿನ ತಟ್ಟೆ ಒಂದು ಬದಿಗೆ ಸುಮಾರು ಮೂರು ನಿಮಿಷ ಬರುತ್ತೆ. ಏಳು ನಿಮಿಷಕ್ಕೆ ಎರಡು ಬದಿ, ಮಿಕ್ಕಿದ ಒಂದು ನಿಮಿಷ ಪ್ರಕಟಣೆ. ಉಕ್ಕಿನ ಮುಳ್ಳು ಪ್ರತಿ ಬದಿಗೆ ಹೊಸದು ಹಾಕಬೇಕು, ಸವೆದದ್ದನ್ನೇ ಓಡಿಸಿದ್ರೆ ಗೆರೆ ಕೆರೆದು ತಟ್ಟೆ ಹಾಳಾಗುತ್ತೆ. ಸ್ಪ್ರಿಂಗ್‌ಗೆ ಕೀ ಕೊಡೋದೂ ಆಗಲೇ, ಇಲ್ಲದಿದ್ರೆ ಎರಡನೇ ಹಾಡಿನ ಕೊನೆಗೆ ವೇಗ ಬಿದ್ದು ಶ್ರುತಿ ಇಳಿಯುತ್ತೆ. ಗ್ರಾಮಫೋನಿನಿಂದ ನೇರ ತಂತಿ ಎಳೆಯೋ ಪಿಕಪ್ ಇನ್ನೂ ಬಂದಿರಲಿಲ್ಲ, ಕಹಳೆ ಎದುರಿಗೆ ಮೈಕು ಹಿಡೀಬೇಕು. ತೀರಾ ಹತ್ತಿರ ಹಿಡಿದ್ರೆ ಜೋರು ಸ್ವರಕ್ಕೆ ಕಾಳು ಚೆದುರಿ ಕರಕರ. ದೂರ ಹಿಡಿದ್ರೆ ಸುಯ್ ಸದ್ದೇ ಮೇಲಾಗುತ್ತೆ. ಒಂದೊಂದು ಕಹಳೆಗೂ ಜಾಗ ಬೇರೆ, ಮೊದಲೇ ಹುಡುಕಿ ನೆಲಕ್ಕೆ ಸುಣ್ಣದ ಗುರುತು ಹಾಕಿಡಿ.

ಕಾಲೇಜುಬೆಂಚು:
ಭಟ್ರೇ, ಇದು ಬಹಳ ಉಪಯೋಗಕ್ಕೆ ಬಂತು. ಪ್ರಸಾರ ನಿಲ್ಲಿಸೋದು ಅಂದ್ರೆ ಮಾತು ನಿಲ್ಲಿಸೋದಷ್ಟೇನಾ, ಅಥವಾ ತರಂಗವೇ ನಿಲ್ಲಬೇಕಾ?

ವಾಲ್ವ್‌ಭಟ್ಟ:
ತರಂಗವೇ ನಿಲ್ಲಬೇಕು. ತನ್ನದೇ ತರಂಗ ಹರೀತಿದ್ರೆ ಪಕ್ಕದ ರಿಸೀವರ್‌ಗೆ ಬೇರೇನೂ ಕೇಳಲ್ಲ. ಇದರಲ್ಲಿ ಕ್ರಮ ತಪ್ಪಬಾರದು. ಮೊದಲು ವಾಲ್ವಿನ (ಗಾಜಿನ ನಿರ್ವಾತ ನಳಿಕೆ) ಪ್ಲೇಟಿಗೆ ಹೋಗೋ ಹೈಟೆನ್ಷನ್, ಅಂದ್ರೆ ಹೆಚ್ಚು ವೋಲ್ಟಿನ ಕರೆಂಟ್, ತೆಗೀಬೇಕು, ಆಮೇಲೆ ಏರಿಯಲ್ ಸ್ವಿಚ್ಚನ್ನ ರಿಸೀವರ್ ಕಡೆಗೆ ತಿರುಗಿಸಬೇಕು. ಉಲ್ಟಾ ಮಾಡಿದ್ರೆ ಸ್ವಿಚ್ಚಿನ ತುದೀಲಿ ಕಿಡಿ ಏಳುತ್ತೆ. ಹೊರೆ ಕಳಚಿದ ವಾಲ್ವಿನ ಶಕ್ತಿ ಹೋಗೋಕೆ ದಾರಿಯಿಲ್ಲದೆ ಪ್ಲೇಟೇ ಕೆಂಪಾಗುತ್ತೆ. ವಾಪಸ್ ಬರುವಾಗ ಮೊದಲು ಏರಿಯಲ್, ಆಮೇಲೆ ಹೈಟೆನ್ಷನ್. ಇಂಥ ವಾಲ್ವಿನ ಫಿಲಮೆಂಟ್ ಮೂರು ನಿಮಿಷಕ್ಕೋಸ್ಕರ ಆರಿಸೋದು ಒಳ್ಳೇದಲ್ಲ. ತಣ್ಣಗಿರೋ ಟಂಗ್‌ಸ್ಟನ್ ತಂತಿಯ ರೋಧ ಬಹಳ ಕಮ್ಮಿ, ಮತ್ತೆ ಹಚ್ಚಿದ ಕ್ಷಣ ಕರೆಂಟ್ ನುಗ್ಗುತ್ತೆ. ತಂತಿ ಕಡಿಯೋದು ಹೆಚ್ಚಾಗಿ ಆ ಕ್ಷಣದಲ್ಲೇ.

ಸೀಸದಹರಳು:
ಎರಡನೇ ಪ್ರಶ್ನೆಗೆ ನಾನು ಬರ್ತೀನಿ. ನನ್ನ ಪ್ರಕಾರ ಇಡೀ ಸಂಜೆಯ ಕಷ್ಟ ಇರೋದು ಅಲ್ಲೇ.

ಕ್ರಿಸ್ಟಲ್ ಸೆಟ್ಟಿನ ಹರಳು ಗಲೀನ. ಗಲೀನ ಅಂದ್ರೆ ಸೀಸದ ಅದಿರು, ಸೀಸ ಮತ್ತು ಗಂಧಕ ಸೇರಿದ ಹೊಳೆಯೋ ಹರಳು. ಅದರ ಮೈಯೆಲ್ಲ ಒಂದೇ ಥರ ಕೆಲಸ ಮಾಡಲ್ಲ. ಸೂಜಿಮೊನೆಯಷ್ಟು ಜಾಗ ಚೆನ್ನಾಗಿ ಕೇಳಿಸುತ್ತೆ, ಪಕ್ಕದ್ದು ಸತ್ತಿರುತ್ತೆ. ಸಣ್ಣ ಸ್ಪ್ರಿಂಗಿನ ಹಾಗೆ ಸುತ್ತಿದ ತೆಳು ತಂತಿಯ ತುದಿ ಆ ಜಾಗಕ್ಕೆ ತಾಕಬೇಕು. ಇಂಗ್ಲೆಂಡಿನವರು ಆ ತಂತಿಯನ್ನ ಬೆಕ್ಕಿನ ಮೀಸೆ ಅಂತ ಕರೀತಿದ್ರು. ಮೇಜಿಗೆ ಮೊಣಕೈ ತಗಲಿದ್ರೆ ಸಾಕು, ಮೀಸೆ ಸರಿದು ದನಿ ಹೋಗುತ್ತೆ. ಈಗ ನಿಲಯವೂ ಸುಮ್ಮನಾಯ್ತು ಅನ್ನಿ. ಸದ್ದಿಲ್ಲ. ಯಾವುದು ಕಾರಣ?

ಇದಕ್ಕಿದ್ದ ಉಪಾಯ ಬಝರ್. ಒಣ ಸೆಲ್ಲಿನಿಂದ ನಡೆಯೋ ಸಣ್ಣ ವಿದ್ಯುತ್ ಗಂಟೆ, ಆದ್ರೆ ಬಟ್ಟಲು ತೆಗೆದದ್ದು. ಅದರ ಕಾಂಟ್ಯಾಕ್ಟ್ ತೆರೆದು ಮುಚ್ಚುವಾಗ ಏಳೋ ಕಿಡಿಯಿಂದ ಎಲ್ಲ ತರಂಗಾಂತರಕ್ಕೂ ಚೂರುಚೂರು ಅಲೆ ಹೊರಡುತ್ತೆ. ಕಾಂಟ್ಯಾಕ್ಟ್ ಬದಿಯಿಂದ ಒಂದಡಿ ತಂತಿ ತಂದು, ಅರ್ತ್ ತಂತಿಗೆ ಮುಟ್ಟಿಸದೆ ಎರಡು ಸುತ್ತು ಸುತ್ತಿ ಬಿಡಿ. ಹರಳಿನ ಜಾಗ ಸರಿ ಇದ್ರೆ ಹೆಡ್‌ಫೋನಿನಲ್ಲಿ ಜುಂಯ್ ಅಂತ ಬರುತ್ತೆ. ಹೆಚ್ಚು ಜೋರು ಬರೋ ಜಾಗಕ್ಕೆ ಮೀಸೆ ಇಟ್ಟು ಬಝರ್ ಆರಿಸಿ. ಆಮೇಲೂ ಸದ್ದಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ, ನಿಲಯ ವಿರಾಮದಲ್ಲಿದೆ.

ಎರಡು ಎಚ್ಚರ. ಬಝರನ್ನ ನೇರವಾಗಿ ಏರಿಯಲ್‌ಗೆ ಜೋಡಿಸಬೇಡಿ, ಜೋರು ಹೊಡೆತಕ್ಕೆ ಸಿಕ್ಕ ಒಳ್ಳೇ ಜಾಗವೇ ಸತ್ತುಹೋಗುತ್ತೆ. ಮತ್ತೆ ಬಝರ್ ಸದ್ದು ಗಾಳಿಯಲ್ಲೇ ಕಿವಿಗೆ ಬೀಳಬಾರದು, ಹತ್ತಿ ತುಂಬಿದ ಡಬ್ಬಿಯಲ್ಲಿಡಿ. ಇಲ್ಲದಿದ್ರೆ ಯಾವುದು ಹೆಡ್‌ಫೋನಿನದು, ಯಾವುದು ಡಬ್ಬಿಯದು ಗೊತ್ತಾಗಲ್ಲ.

ಧಾರವಾಡಏರಿಯಲ್:
ಇನ್ನೊಂದು ಪುಕ್ಕಟೆ ಬಝರ್ ಇತ್ರೀ ಅವರಿಗೆ, ಸಮುದ್ರ. ಹಡಗಿನವರ ತರಂಗಾಂತರ 600 ಮೀಟರ್, ಅಂದ್ರ 500 ಕಿಲೋಹರ್ಟ್ಸ್. ರಿಟ್ಲ್ 700 ಮೀಟರ್, ಅಂದ್ರ 428. ಕ್ರಿಸ್ಟಲ್ ಸೆಟ್ಟಿನ ಟ್ಯೂನಿಂಗ್ ಅಗಲ, ಅಷ್ಟು ಹತ್ತಿರದವರನ್ನ ಪೂರ್ತಿ ಬ್ಯಾರೆ ಮಾಡಲಿಕ್ಕೆ ಆಗಂಗಿಲ್ಲ. ಕರಾವಳಿ ಹತ್ರ ಇದ್ದವರಿಗೆ ಹಾಡಿನ ನಡುವ ಹಡಗಿನ ಕಿಡಿ ಟ್ರಾನ್ಸ್‌ಮಿಟರಿನ ಮೋರ್ಸ್ ಕರ್‌ಕರ್ ಅಂತ ಬರೋದು. ಹಾಡು ಕೇಳೂವಾಗ ಅದು ಕಾಟ. ಮೌನದಾಗ ಅದೇ ಮೋರ್ಸ್ ಕೇಳಿದ್ರ ಹರಳು ಜೀವಂತ ಐತಿ ಅಂತ ಅರ್ಥ, ಮೀಸೆ ಮುಟ್ಟಬ್ಯಾಡ್ರಿ.

ಕಾಟ ತಪ್ಪಿಸಬೇಕಂದ್ರ ಹರಳಿನ ತಂತಿ ಕಾಯಿಲಿನ ತುದಿಗೆ ಹಾಕಬಾರದು, ಅರ್ಧಕ್ಕ ಟ್ಯಾಪ್ (ಸುರುಳಿ ನಡುವಿಂದ ಹೊರಗ ತಗದ ತುದಿ) ತಗೊಂಡು ಹಾಕಬೇಕು. ಹರಳು ಸರ್ಕ್ಯೂಟಿನ ಮ್ಯಾಲೆ ಹೊರಿ ಹಾಕೂದು ಕಮ್ಮಿ ಆಗಿ ಟ್ಯೂನಿಂಗ್ ಚೂಪಾಗ್ತದ. ದನಿ ಸ್ವಲ್ಪ ಇಳೀತದ, ಅದು ಕೊಡಬೇಕಾದ ಬೆಲಿ.

ಕಾಲೇಜುಬೆಂಚು:
ಕಾಯಿಲ್ ಅಳತೆ ಹೇಳ್ತೀರಾ? 75 ಎಂಎಂ ಪಿವಿಸಿ ಪೈಪ್ ತುಂಡು ಇದೆ, 24 ಗೇಜ್ ಎನಾಮಲ್ ತಂತಿ ಇದೆ.

ಕಾಯಿಲ್‌ಸುತ್ತೋಳು:
ಅದೇ ಸಾಕು. 60 ಸುತ್ತು ಒತ್ತೊತ್ತಾಗಿ ಸುತ್ತಿ. ಸುರುಳಿಯ ಉದ್ದ ಮೂರೂವರೆ ಸೆಂಟಿಮೀಟರ್ ಚಿಲ್ಲರೆ ಬರುತ್ತೆ, ಬೆಲೆ ಸುಮಾರು 280 ಮೈಕ್ರೋಹೆನ್ರಿ. 700 ಮೀಟರಿಗೆ ಇದರ ಜೊತೆ ಒಟ್ಟು 500 ಪಿಕೋಫ್ಯಾರಡ್ ಬೇಕು. ಆಗ ಬ್ರಿಟನ್ನಿನಲ್ಲಿ ಹವ್ಯಾಸಿಗಳಿಗೆ ಒಟ್ಟು ನೂರಡಿ ಏರಿಯಲ್ ತಂತಿಗಷ್ಟೇ ಅನುಮತಿ. ಅಷ್ಟು ತಂತಿಯೇ ಸುಮಾರು 250ರಿಂದ 300 ಪಿಕೋ ಕೊಡುತ್ತೆ. ಮಿಕ್ಕಿದ್ದು ಗ್ಯಾಂಗ್ ಕಂಡೆನ್ಸರ್‌ನಿಂದ, ಅಂದ್ರೆ ರೇಡಿಯೋದ ತಿರುಗಿಸೋ ಕಂಡೆನ್ಸರ್‌ನಿಂದ, ಬರಲಿ.

ಸುತ್ತುವಾಗ 30, 40, 50ಕ್ಕೆ ಟ್ಯಾಪ್ ತೆಗೀರಿ. ಟ್ಯಾಪ್ ಜಾಗದಲ್ಲಿ ತಂತಿ ಕತ್ತರಿಸಬೇಡಿ, ಮಡಚಿ ಒಂದಿಂಚು ಕುಣಿಕೆ ಹೊರಗೆ ಬಿಟ್ಟು ಹೊಸೆದು ಮುಂದುವರಿಸಿ. ಎನಾಮಲನ್ನ ಬ್ಲೇಡಿನಿಂದ ಪೂರ್ತಿ ಹೆರೆದೇ ಸೋಲ್ಡರ್ ಹಾಕಿ. ಹೆರೆಯದಿದ್ರೆ ಸೋಲ್ಡರ್ ಮೇಲಿಂದ ಹೊಳೆಯುತ್ತೆ, ಒಳಗೆ ಹಿಡಿದೇ ಇರಲ್ಲ. ಟ್ಯಾಪ್ ಕೆಲಸ ಮಾಡದ ಹತ್ತರಲ್ಲಿ ಒಂಬತ್ತು ಕಾಯಿಲಿನ ರೋಗ ಇದೇ. ಮೀಟರ್ ಇಟ್ಟು ಪ್ರತಿ ಟ್ಯಾಪಿನಿಂದ ಮೊದಲ ತುದಿಗೆ ಕಂಟಿನ್ಯೂಟಿ, ಅಂದ್ರೆ ಕರೆಂಟಿಗೆ ದಾರಿ ಇದೆಯಾ, ನೋಡಿ.

40ರ ಟ್ಯಾಪ್ ಯಾಕೆ ಅಂದ್ರೆ, ಅಲ್ಲಿ ಸುಮಾರು 150 ಮೈಕ್ರೋಹೆನ್ರಿ ಸಿಗುತ್ತೆ. 280 ಪಿಕೋ ಹತ್ತಿರಕ್ಕೆ 765 ಕಿಲೋಹರ್ಟ್ಸ್ ಬೀಳುತ್ತೆ, ಅದು ಧಾರವಾಡ ಆಕಾಶವಾಣಿ. ಆ ಸೀಮೆಯವರು ಸೆಟ್ಟನ್ನ ಮೊದಲು ಅಲ್ಲೇ ಪರೀಕ್ಷೆ ಮಾಡಬಹುದು. ಏರಿಯಲ್ ಉದ್ದ ಹೆಚ್ಚಾಗಿ ಟ್ಯೂನ್ ಆಗದಿದ್ರೆ ಏರಿಯಲ್ ತಂತಿಗೆ ಸರಣಿಯಲ್ಲಿ 100 ಪಿಕೋ ಕಂಡೆನ್ಸರ್ ಸೇರಿಸಿ.

ಧಾರವಾಡಏರಿಯಲ್:
ಮೊದ್ಲ ಸಾದಾ ಟ್ರಾನ್ಸಿಸ್ಟರಿನ್ಯಾಗ 765 ಆ ಹೊತ್ತಿಗೆ ಬರಾಕತ್ತೇತೇನು ನೋಡ್ಕೋರಿ. ಇಲ್ಲಾಂದ್ರ ಇಲ್ಲದ ನಿಲಯಕ್ಕ ಹರಳು ಕೆದರಿ ಕೂತಂಗ ಆಗ್ತದ.

ಏರಿಯಲ್ ತಾರಸಿ ಮ್ಯಾಲೆ 8ರಿಂದ 10 ಮೀಟರ್ ಎತ್ತರಕ್ಕ ಕಟ್ರಿ, ಎರಡೂ ತುದಿಗೆ ಪಿಂಗಾಣಿ ಇಲ್ಲಾ ಪ್ಲಾಸ್ಟಿಕ್ ಇನ್ಸುಲೇಟರ್. ಕರೆಂಟ್ ತಂತಿ ಮ್ಯಾಲಿಂದಾಗಲಿ ಕೆಳಗಿಂದಾಗಲಿ ಹಾಯಿಸಬ್ಯಾಡ್ರಿ, ಹರಿದು ಬಿದ್ರ ಜೀವಕ್ಕ ಬರ್ತದ. ಅರ್ತಿಗೆ ಹಸಿ ನೆಲದಾಗ ಒಂದೂವರೆ ಮೀಟರ್ ತಾಮ್ರ ಲೇಪದ ಸಲಾಕಿ. ಆಗಿನವರು ನೀರಿನ ಸೀಸದ ಪೈಪಿಗೆ ಕಟ್ಟತಿದ್ರು. ಈಗಿನ ಪೈಪೆಲ್ಲ ಪ್ಲಾಸ್ಟಿಕ್, ಕಟ್ಟಿದ್ರ ಏನೂ ಉಪಯೋಗಿಲ್ಲ. ಗುಡುಗು ಬಂದ್ರ ಏರಿಯಲ್ಲನ್ನ ಹೊರಗ ನೇರ ಅರ್ತಿಗೆ ಜೋಡಿಸೋ ಸ್ವಿಚ್ ಇರಲೇಬೇಕು.

ಸೀಸದಹರಳು:
ಹರಳನ್ನ ಬಟ್ಟಲಲ್ಲಿ ಕೂರಿಸುವಾಗ ಮಾಮೂಲಿ ಸೋಲ್ಡರ್ ಕರಗಿಸಿ ಹಾಕಬೇಡಿ. ಆ ಬಿಸಿಗೆ ಗಲೀನದ ಗುಣ ಕೆಡುತ್ತೆ. ಆಗ ಬಳಸ್ತಿದ್ದದ್ದು ವುಡ್ಸ್ ಮೆಟಲ್, ಸುಮಾರು 70 ಡಿಗ್ರಿಗೆ, ಅಂದ್ರೆ ಬಿಸಿನೀರಲ್ಲೇ ಕರಗುತ್ತೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇರೋದ್ರಿಂದ ವಿದ್ಯಾರ್ಥಿಗಳ ಕೈಗೆ ಕೊಡಬೇಡಿ. ಹಿತ್ತಾಳೆ ಬಟ್ಟಲಿಗೆ ಹರಳಿಟ್ಟು ಸುತ್ತ ಅಲ್ಯೂಮಿನಿಯಂ ಹಾಳೆ ಬಿಗಿಯಾಗಿ ತುರುಕಿದ್ರೂ ನಡೆಯುತ್ತೆ. ಹರಳಿನ ಮೇಲ್ಮೈ ಬೆರಳಲ್ಲಿ ಮುಟ್ಟಬಾರದು, ಚರ್ಮದ ಜಿಡ್ಡು ಕೂತ್ರೆ ಕಿವುಡಾಗುತ್ತೆ. ಚಿಮಟದಲ್ಲಿ ಹಿಡೀರಿ. ಮುಟ್ಟಿದ್ದಾಗಿದ್ರೆ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ. ಹಳತಾಗಿ ಮಂಕಾದ್ರೆ ಒಡೆದು ಹೊಸ ಮುಖ ತೆಗೀರಿ.

ಮೀಸೆಯ ಒತ್ತಡ ಎಷ್ಟು ಹಗುರ ಇದ್ರೆ ಅಷ್ಟು ಒಳ್ಳೇದು, ತುದಿ ತಾಕಿ ಸುರುಳಿ ಬಾಗಬಾರದು. ಮೇಜು ಅದುರೋ ಜಾಗ ಆದ್ರೆ ಕೆಳಗೊಂದು ಮಡಚಿದ ಕಂಬಳಿ ಹಾಕಿ.

ಹರಟೆಬೇಡ:
ಬಝರ್ ಈಗೆಲ್ಲಿ ಸಿಗುತ್ತೆ? ಅಂಗಡಿಯಲ್ಲಿ ಬರೀ ಕಪ್ಪು ಪಿಯೆಝೋ ಬಝರ್ ಕೊಡ್ತಾರೆ.

ಸೀಸದಹರಳು:
ಪಿಯೆಝೋದಲ್ಲಿ ಕಾಂಟ್ಯಾಕ್ಟ್ ಇಲ್ಲ, ಕಿಡಿ ಇಲ್ಲ. ಹರಳಿಗೆ ಏನೂ ಕೇಳಲ್ಲ. 6 ವೋಲ್ಟ್ ರಿಲೇ ತಗೊಳ್ಳಿ. ಅದರ ಕಾಯಿಲನ್ನ ಅದರದೇ ಸಾಮಾನ್ಯವಾಗಿ ಮುಚ್ಚಿರೋ ಕಾಂಟ್ಯಾಕ್ಟ್ ಮೂಲಕ ಬ್ಯಾಟರಿಗೆ ಸರಣಿಯಲ್ಲಿ ಹಾಕಿ. ಎಳೆಯುತ್ತೆ, ತೆರೆಯುತ್ತೆ, ಬಿಡುತ್ತೆ, ಮುಚ್ಚುತ್ತೆ, ಹಾಗೇ ಗುಂಯ್‌ಗುಡುತ್ತೆ. ಕಾಯಿಲಿನ ಮೇಲೆ ಡಯೋಡ್ ಹಾಕಬೇಡಿ, ನಮಗೆ ಇಲ್ಲಿ ಬೇಕಾಗಿರೋದೇ ಆ ಕಿಡಿ. ಗಂಟೆಗಟ್ಟಲೆ ಓಡಿಸಿದ್ರೆ ರಿಲೇ ಹಾಳಾಗುತ್ತೆ, ಒಂದೊಂದು ಸಲಕ್ಕೆ ಐದು ಸೆಕೆಂಡ್ ಸಾಕು.

ಕಾಲೇಜುಬೆಂಚು:
ಹೆಡ್‌ಫೋನ್? ಮೊಬೈಲಿನದು ಹಾಕಿ ನೋಡಿದ್ರೆ ಏನೂ ಬರ್ತಿಲ್ಲ.

ಕಾಯಿಲ್‌ಸುತ್ತೋಳು:
ಬರಲ್ಲ. ಆಗಿನ ಹೆಡ್‌ಫೋನ್ ಒಂದು ಕಿವಿಗೆ 2000 ಓಮ್, ಎರಡೂ ಸರಣಿಯಲ್ಲಿ 4000. ಈಗಿನದು ಒಂದಕ್ಕೆ 32 ಓಮ್. ಹರಳಿನ ದುರ್ಬಲ ಕರೆಂಟಿಗೆ ಅದು ಶಾರ್ಟ್ ಇದ್ದ ಹಾಗೆ. ಮೈಕ್‌ಸೆಟ್ ಅಂಗಡಿಯಲ್ಲಿ ಕಾಲಂ ಸ್ಪೀಕರಿಗೆ ಹಾಕೋ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್ ಸಿಗುತ್ತೆ. 8 ಓಮ್ ಕಡೆಗೆ ನಿಮ್ಮ ಹೆಡ್‌ಫೋನಿನ ಎರಡೂ ಕಿವಿ ಪ್ಯಾರಲಲ್ ಮಾಡಿ ಹಾಕಿ, ಅದು 16 ಓಮ್. ಲೈನ್ ಕಡೆ 5 ವ್ಯಾಟ್ ಟ್ಯಾಪಿನಲ್ಲಿ ನೋಡಿದ್ರೆ 4000 ಓಮ್ ಆಗುತ್ತೆ, ಹಳೇ ಜೋಡಿಯ ಸರಿಸಮ. ಪಿಯೆಝೋ ಇಯರ್‌ಪೀಸ್ ಸಿಕ್ಕಿದ್ರೆ ಟ್ರಾನ್ಸ್‌ಫಾರ್ಮರ್ ಬೇಡ, ಆದ್ರೆ ಅದರ ಎರಡು ತುದಿಗೆ 47 ಕಿಲೋಓಮ್ ರೆಸಿಸ್ಟರ್ ಬೇಕೇ ಬೇಕು. ಇಯರ್‌ಪೀಸ್ ಒಳಗೆ ಕಂಡೆನ್ಸರ್ ಥರ. ಹರಳು ಒಂದೇ ದಿಕ್ಕಿಗೆ ಚಾರ್ಜ್ ತುಂಬ್ತಾ ಹೋಗುತ್ತೆ, ಇಳಿಯೋಕೆ ದಾರಿ ಇಲ್ಲದಿದ್ರೆ ದನಿ ಕಟ್ಟುತ್ತೆ.

ಹರಟೆಬೇಡ:
ರಿಟ್ಲ್ ಕಾಲು ಕಿಲೋವ್ಯಾಟ್ ಆಸುಪಾಸಿನದು. ಲಂಡನ್ ಅಲ್ಲಿಂದ 30 ಮೈಲಿ. ಅಷ್ಟು ದೂರಕ್ಕೆ ಹರಳು ಸಾಕಾಗ್ತಿತ್ತಾ?

ವಾಲ್ವ್‌ಭಟ್ಟ:
ನೆಚ್ಚೋ ಹಾಗಿಲ್ಲ. ಅಷ್ಟು ಶಕ್ತಿಗೆ ಒಳ್ಳೇ ಏರಿಯಲ್ ಇದ್ರೂ ಹರಳಿನ ಸೀಮೆ 15-20 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ದೂರದವರಿಗೆ ವಾಲ್ವ್ ಬೇಕು. ಆಗಿನ ಆರ್ ವಾಲ್ವಿಗೆ ಫಿಲಮೆಂಟ್ 4 ವೋಲ್ಟ್, ಸುಮಾರು 0.7 ಆಂಪಿಯರ್. 20 ಆಂಪಿಯರ್‌ಗಂಟೆಯ ಅಕ್ಯುಮುಲೇಟರ್ ಒಂದು ವಾಲ್ವಿಗೆ 28 ಗಂಟೆ ಬರುತ್ತೆ, ಆಮೇಲೆ ಹೊತ್ತುಕೊಂಡು ಹೋಗಿ ಚಾರ್ಜ್ ಮಾಡಿಸಬೇಕು. ಗ್ರಿಡ್ಡಿಗೆ (ವಾಲ್ವಿಗೆ ಸಿಗ್ನಲ್ ಒಳಗೆ ಹೋಗೋ ತುದಿ) 300 ಪಿಕೋ ಕಂಡೆನ್ಸರ್, 2 ಮೆಗಾಓಮ್ ಲೀಕ್ ರೆಸಿಸ್ಟರ್. ಪ್ಲೇಟಿಗೆ 60-70 ವೋಲ್ಟಿನ ಒಣ ಬ್ಯಾಟರಿ.

ಮೌನದ ಪ್ರಶ್ನೆಗೆ ವಾಲ್ವಿನವರ ಉತ್ತರವೇ ಬೇರೆ, ನೆರೆಯವರಿಗೆ ತೊಂದರೆ ಕೊಡೋ ಉತ್ತರ. ಪ್ಲೇಟಿನ ಸಿಗ್ನಲನ್ನ ಕಾಯಿಲ್ ಮೂಲಕ ಮತ್ತೆ ಗ್ರಿಡ್ಡಿಗೆ ಕೊಡೋದಕ್ಕೆ ರಿಯಾಕ್ಷನ್ ಅಂತಾರೆ. ಹಿತಮಿತವಾಗಿ ಕೊಟ್ರೆ ದನಿ ಎಷ್ಟೋ ಪಟ್ಟು ಏರುತ್ತೆ. ಮಿತಿ ದಾಟಿದ್ರೆ ಸೆಟ್ಟೇ ಪುಟ್ಟ ಟ್ರಾನ್ಸ್‌ಮಿಟರ್ ಆಗುತ್ತೆ. ಹಾಗೆ ದಾಟಿಸಿ ಕೂತ್ರೆ ನಿಲಯ ವಾಪಸ್ ಬಂದ ಕ್ಷಣ ಎರಡು ತರಂಗ ಬೆರೆತು ಶಿಳ್ಳೆ ಏಳುತ್ತೆ, ಬಂದದ್ದು ಖಾತ್ರಿ ಆಗುತ್ತೆ. ಆದ್ರೆ ಅದೇ ಶಿಳ್ಳೆ ಬೀದಿಯ ಎಲ್ಲ ಏರಿಯಲ್ಲಿಗೂ ಹೋಗುತ್ತೆ. ಸುತ್ತಮುತ್ತ ಹತ್ತು ಜನ ಹೀಗೆ ಕಾಯ್ತಿದ್ರೆ ಮೊದಲ ಪ್ರಕಟಣೆ ಯಾರಿಗೂ ನೆಟ್ಟಗೆ ಕೇಳಲ್ಲ.

ಕಾಲೇಜುಬೆಂಚು:
ಆ ಮೊದಲ ಪ್ರಕಟಣೆ ಏನಂತ ಇರ್ತಿತ್ತು?

ಕಾಯಿಲ್‌ಸುತ್ತೋಳು:
"ಟೂ ಎಮ್ಮಾ ಟಾಕ್, ರಿಟ್ಲ್ ಟೆಸ್ಟಿಂಗ್." ಎಮ್ಮಾ ಅಂದ್ರೆ ಎಂ, ಟಾಕ್ ಅಂದ್ರೆ ಟಿ. ಬ್ರಿಟಿಷ್ ಸೇನೆಯ ಸಿಗ್ನಲ್‌ನವರು ಅಕ್ಷರ ತಪ್ಪು ಕೇಳಬಾರದು ಅಂತ ಹಾಗೆ ಹೇಳ್ತಿದ್ರು. ಆ ಮಾತಿನ ದನಿ ಪೀಟರ್ ಎಕರ್ಸ್‌ಲಿ ಅವರದು, ವೃತ್ತಿಯಿಂದ ಎಂಜಿನಿಯರ್. ಶುರುವಿನ ವಾರಗಳಲ್ಲಿ ತಟ್ಟೆ ಹಾಕಿ, ಹೆಸರು ಓದಿ, ಗಂಭೀರವಾಗಿ ಮುಗಿಸ್ತಿದ್ರು. ಒಂದು ಸಂಜೆ ಎಕರ್ಸ್‌ಲಿ ತಾವೇ ಮೈಕು ಹಿಡಿದು ಮಾತು, ಹಾಡು, ಅಣಕ ಅಂತ ಶುರು ಮಾಡಿ, ಮೂರು ನಿಮಿಷದ ವಿರಾಮವನ್ನೇ ಮರೆತ್ರು. ಮೇಲಿನವರಿಂದ ಆಕ್ಷೇಪ ಬಂತು. ಅದರ ಹಿಂದೆಯೇ ಇನ್ನೂ ಹೀಗೇ ಬೇಕು ಅಂತ ಕೇಳುಗರ ಕಾರ್ಡುಗಳು ಬಂದ್ವು. ಆಮೇಲೆ ಅವರು ಮೈಕು ಬಿಡಲಿಲ್ಲ.

ಅಕ್ಟೋಬರ್ 17ಕ್ಕೆ ಸಿರಾನೋ ನಾಟಕದ ಬಾಲ್ಕನಿ ದೃಶ್ಯ ಪ್ರಸಾರ ಮಾಡಿದ್ರು. ಆಯ್ಕೆ ಎಷ್ಟು ಯೋಚಿಸಿದ್ದು ನೋಡಿ: ಆ ದೃಶ್ಯ ನಡೆಯೋದೇ ರಾತ್ರಿ ಕತ್ತಲಲ್ಲಿ. ಪಾತ್ರಗಳಿಗೇ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ದನಿಯಿಂದಲೇ ಎಲ್ಲ ನಡೆಯಬೇಕು. ಕೇಳುಗರೂ ಅದೇ ಸ್ಥಿತಿಯಲ್ಲಿ ಕೂತಿದ್ರಲ್ಲ. ಮುಂದಿನ ತಿಂಗಳು 14ಕ್ಕೆ ಲಂಡನ್ನಿನಲ್ಲಿ ಬಿಬಿಸಿ ದಿನನಿತ್ಯದ ಪ್ರಸಾರ ಶುರು ಮಾಡ್ತು. ರಿಟ್ಲ್ 1923ರ ಜನವರಿ 17ಕ್ಕೆ ಮುಗಿಯಿತು.

ಹರಟೆಬೇಡ:
ನಮ್ಮ ಮೈಸೂರಿನದೂ ಹೀಗೇ ಪುಟ್ಟ ಶುರುವಾತು ಅಲ್ವಾ?

ವಾಲ್ವ್‌ಭಟ್ಟ:
ಶಕ್ತಿಯ ಲೆಕ್ಕದಲ್ಲಿ ಇನ್ನೂ ಪುಟ್ಟದು. 1935ರ ಸೆಪ್ಟೆಂಬರ್ 10ಕ್ಕೆ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಶುರು ಮಾಡಿದ ಆಕಾಶವಾಣಿ 30 ವ್ಯಾಟಿನದು. ಅದಕ್ಕಿಂತ ಮೊದಲು ಮದ್ರಾಸಿನ ರೇಡಿಯೋ ಕ್ಲಬ್ 1924ರಲ್ಲಿ 40 ವ್ಯಾಟಿನಲ್ಲಿ ಹೊರಟಿತ್ತು. ಮೈಸೂರಿನದಕ್ಕೆ ಬೇರೆಯದೇ ಚರ್ಚೆ ತೆರೆಯೋಣ, ಅದು ಇಲ್ಲಿ ಒಂದು ಸಾಲಿಗೆ ಸೀಮಿತ ಆಗಬಾರದು.

ಕಾಲೇಜುಬೆಂಚು:
ಆಗಲಿ ಭಟ್ರೇ. ಕೊನೇ ಪ್ರಶ್ನೆ. 428 ಕಿಲೋಹರ್ಟ್ಸ್‌ನಲ್ಲಿ ನಾವೇ ಚಿಕ್ಕ ಟ್ರಾನ್ಸ್‌ಮಿಟರ್ ಮಾಡಿ ಕೋಣೆಯೊಳಗೆ ಹರಿಸಬಹುದಾ?

ಧಾರವಾಡಏರಿಯಲ್:
ಬ್ಯಾಡ್ರಿ. ಲೈಸೆನ್ಸ್ ಇಲ್ಲದ ಪ್ರಸಾರ ಅಪರಾಧ ಆಗ್ತದ, ಕೋಣಿ ಗ್ವಾಡಿ ತರಂಗಕ್ಕ ಗ್ವಾಡಿ ಅಲ್ಲ. ತಂತಿಯೊಳಗ ಮುಗಿಸ್ರಿ. ಲ್ಯಾಬಿನ ಸಿಗ್ನಲ್ ಜನರೇಟರ್ 428ಕ್ಕ ಇಟ್ಟು, ಎಎಂ ಹೊರಗಿನ ಇನ್‌ಪುಟ್ಟಿಗೆ ಮೈಕಿನ ಆಂಪ್ಲಿಫೈಯರ್ ಕೊಡ್ರಿ, ಮಾಡ್ಯುಲೇಶನ್ 40 ಪ್ರತಿಶತ ದಾಟಿಸಬ್ಯಾಡ್ರಿ. ಔಟ್‌ಪುಟ್ 1 ವೋಲ್ಟ್. ಅಲ್ಲಿಂದ ಕವಚದ ಕೇಬಲ್ಲು, ತುದಿಗೆ 25 ಓಮ್ ಮತ್ತ 250 ಪಿಕೋ ಸರಣಿಯೊಳಗ ಹಾಕಿ ಸೆಟ್ಟಿನ ಏರಿಯಲ್ ಟರ್ಮಿನಲ್ಲಿಗೆ. ಆ ಎರಡು ಸಾಮಾನು ಏರಿಯಲ್ ಇದ್ದಂಗ ನಟನೆ ಮಾಡ್ತಾವ, ಟ್ಯೂನಿಂಗೂ ಖರೇ ಏರಿಯಲ್ಲಿನ ಹತ್ರನ ಬರ್ತದ.

ಮತ್ತೊಂದು ಮಾತು. ಪಕ್ಕದಾಗ ಸಾದಾ ರೇಡಿಯೋ ಇಟ್ಟು 428 ಹುಡುಕಬ್ಯಾಡ್ರಿ. ಅದರ ಮೀಡಿಯಂ ವೇವ್ 530ರ ಆಸುಪಾಸಿಗೆ ಶುರು. ಅದರ ಒಳಗಿನ ಐಎಫ್ (ಯಾವ ನಿಲಯ ಬಂದ್ರೂ ರೇಡಿಯೋ ಒಳಗ ಬದಲಿಸಿಕೊಳ್ಳೋ ಆವರ್ತನ) 455, ನಿಮ್ಮ 428ರ ಮಗ್ಗಲಿಗೇ ಐತಿ. ಸೋರಿದ ಸಿಗ್ನಲ್ ನೇರ ಐಎಫ್ ಒಳಗ ನುಗ್ಗಿ ಡಯಲ್ ಎಲ್ಲೇ ತಿರುವಿದ್ರೂ ಕೇಳತದ. ಪ್ರಸಾರ ಹೊರಗ ಹೋಗಾಕತ್ತೇತಿ ಅಂತ ಗಾಬರಿ ಆಗ್ತೀರಿ.

ಸೀಸದಹರಳು:
ವಿರಾಮ ಮಾತ್ರ ಬಿಡಬೇಡಿ. ಏಳನೇ ನಿಮಿಷಕ್ಕೆ ಜನರೇಟರಿನ ಔಟ್‌ಪುಟ್ ಪೂರ್ತಿ ಆರಿಸಿ, ಮೈಕನ್ನಷ್ಟೇ ಅಲ್ಲ. ನೋಡೋಕೆ ಬಂದವರ ಕೈಗೆ ಹೆಡ್‌ಫೋನ್ ಕೊಟ್ಟು, ವಿರಾಮ ಇದೆ ಅಂತ ಮೊದಲೇ ಹೇಳದೆ ಬಿಡಿ. ಪಕ್ಕದಲ್ಲಿ ಬಝರ್ ಗುಂಡಿ, ಎದುರಿಗೆ ಮೀಸೆ. ಅವರೇ ಗುಂಡಿ ಒತ್ತಿ, ಜುಂಯ್ ಕೇಳಿಸಿಕೊಂಡು, ಕೈ ಹಿಂದೆ ತಗೊಂಡು ಕಾಯಲಿ. ಮೂರು ನಿಮಿಷಕ್ಕೆ ಗಡಿಯಾರ ಹಿಡೀರಿ, ಎರಡೂವರೆಗೆ ಮೈಕು ತಟ್ಟಿ ಸಿದ್ಧ ಇಟ್ಟುಕೊಳ್ಳಿ.

ಕಾಲೇಜುಬೆಂಚು:
ಹಾಗೇ ಮಾಡ್ತೀವಿ. ಕಾಯಿಲ್ ಸುತ್ತಿ ಆಯ್ತು, 50ರ ಟ್ಯಾಪ್ ಕಂಟಿನ್ಯೂಟಿ ತೋರಿಸ್ತಿಲ್ಲ.

ಕಾಯಿಲ್‌ಸುತ್ತೋಳು:
ಕುಣಿಕೆಯ ಎನಾಮಲ್ ಪೂರ್ತಿ ಹೆರೆದಿದ್ದೀರಾ ನೋಡಿ. ಒಂದೇ ಬದಿ ಹೆರೆದಿರ್ತೀರಿ. ಸೋಲ್ಡರ್ ಬಿಡಿಸಿ, ಸುತ್ತಲೂ ತಾಮ್ರ ಕಾಣೋವರೆಗೆ ಕೆರೆದು ಮತ್ತೆ ಹಾಕಿ.